ಮೊದಲು ನಿದ್ದೆ, ಆಮೇಲೆ ನಿಶ್ಚಲ

ನಮ್ಮ ಮಲೆನಾಡಿನ ಕಡೆ ‘ಔಷಧಿ’ ಅನ್ನುವ ಪದಕ್ಕೆ ಎರಡು ಅರ್ಥ. ಜ್ವರ ಬಂದರೆ ನುಂಗುವುದೂ ಔಷಧಿ, ತೋಟಕ್ಕೆ ಹೊಡೆಯುವುದೂ ಔಷಧಿ. “ಇವತ್ತು ಗಿಡಕ್ಕೆ ಔಷಧಿ ಹೊಡೀಬೇಕು ಮಾರಾಯ” ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. “ಅವನು ಔಷಧಿ ಕುಡಿದನಂತೆ” ಅಂದರೂ ಯಾರೂ ತಪ್ಪು ತಿಳಿಯುವುದಿಲ್ಲ, ಆದರೆ ಮನೆಯಲ್ಲಿ ಒಮ್ಮೆಲೇ ಮೌನ ಆವರಿಸುತ್ತದೆ. ಕಳಸ, ಸಂಸೆ, ಬಾಳೆಹೊಳೆ, ಮೂಡಿಗೆರೆ.. ಎಲ್ಲಿ ಹೋದರೂ ಇದೇ ಮಾತು.

ನಾನು ಹುಟ್ಟಿದ್ದು ಕಳಸದ ಹತ್ತಿರದ ಒಂದು ಸಣ್ಣ ತೋಟದ ಮನೆಯಲ್ಲಿ. ಈಗ ಹೊಟ್ಟೆಪಾಡಿಗೆ ಅನಸ್ತೇಷಿಯಾ ವೈದ್ಯ. ಅಂದರೆ ಎರಡೂ ಬಗೆಯ ಔಷಧಿಗಳ ನಡುವೆ ನಿಂತವನು. ಉಸಿರು ನಿಲ್ಲುತ್ತಿರುವ ಒಬ್ಬರು ಬಂದರೆ ಗಂಟಲೊಳಗೆ ಒಂದು ನಳಿಗೆ ಇಳಿಸಿ, ಯಂತ್ರದಿಂದ ಉಸಿರಾಡಿಸಬೇಕು. ಎಚ್ಚರವಿರುವ ಮನುಷ್ಯ ಅದಕ್ಕೆ ಬಿಡುವುದಿಲ್ಲ. ಕೆಮ್ಮುತ್ತಾನೆ, ವಾಂತಿ ಮಾಡುತ್ತಾನೆ, ಹಲ್ಲು ಕಚ್ಚುತ್ತಾನೆ. ಹಾಗಾಗಿ ಎರಡು ಔಷಧಿ ಬೇಕು. ಒಂದು ನಿದ್ದೆಗೆ, ಇನ್ನೊಂದು ಮೈಯ ಸ್ನಾಯುಗಳನ್ನೆಲ್ಲ ಸಡಿಲ ಮಾಡುವುದಕ್ಕೆ. ಎರಡೂ ಒಂದರ ಹಿಂದೊಂದು, ಒಂದು ನಿಮಿಷದೊಳಗೆ. ಯಾವುದು ಮೊದಲು?

ಕೇಳಲು ಸಣ್ಣ ಪ್ರಶ್ನೆ. ಆದರೆ ಈ ಸಾಲು ನಿಲ್ಲಿಸುವುದಕ್ಕೆ ಜಗತ್ತಿಗೆ ನೂರೈವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಆ ಕಥೆಯನ್ನು ಹೇಳೋಣ ಅಂತ ಈ ಬರಹ. ಸ್ವಲ್ಪ ಉದ್ದವಾದೀತು, ಒಂದು ಲೋಟ ಕಾಫಿ ಪಕ್ಕದಲ್ಲಿಟ್ಟುಕೊಂಡು ಕೂತುಕೊಳ್ಳಿ :)

ಕತ್ತೆಯ ಕಥೆ

ಶುರು ಮಾಡಬೇಕಾದ್ದು ಒಂದು ಹೆಣ್ಣು ಕತ್ತೆಯಿಂದ. ದಕ್ಷಿಣ ಅಮೆರಿಕದ ಕಾಡಿನ ಜನ ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ಅನ್ನುವ ವಿಷವನ್ನು ಚಾರ್ಲ್ಸ್ ವಾಟರ್ಟನ್ ಎಂಬ ಇಂಗ್ಲಿಷ್ ಅಲೆಮಾರಿ ಊರಿಗೆ ತಂದಿದ್ದ. 1814ರಲ್ಲಿ ಲಂಡನ್ನಿನಲ್ಲಿ ಆ ವಿಷವನ್ನು ಒಂದು ಕತ್ತೆಗೆ ಕೊಟ್ಟರು. ಹತ್ತು ನಿಮಿಷದಲ್ಲಿ ಕತ್ತೆ ಸತ್ತಂತೆ ಬಿತ್ತು. ಕೂಡಲೇ ಶ್ವಾಸನಾಳಕ್ಕೆ ತೂತು ಮಾಡಿ ತಿದಿಯಿಂದ ಗಾಳಿ ಊದುತ್ತಾ ಕೂತರು. ಕೆಲವು ತಾಸಿನಲ್ಲಿ ಕತ್ತೆ ಎದ್ದು ನಿಂತಿತು! ಆಮೇಲೆ ಇಪ್ಪತ್ತೈದು ವರ್ಷ ಬದುಕಿತಂತೆ. ಕುಲುಮೆಯ ತಿದಿ ಒಂದು ಜೀವ ಉಳಿಸಿತು.

ಅಲ್ಲಿಗೆ ಗೊತ್ತಾದದ್ದು ಇಷ್ಟು: ಈ ವಿಷ ಹೃದಯ ನಿಲ್ಲಿಸಿ ಕೊಲ್ಲುವುದಿಲ್ಲ, ಉಸಿರು ನಿಲ್ಲಿಸಿ ಕೊಲ್ಲುತ್ತದೆ. ಉಸಿರನ್ನು ಯಾರಾದರೂ ಹೊರಗಿನಿಂದ ಕೊಟ್ಟರೆ ವಿಷ ತಾನಾಗಿ ಇಳಿದುಹೋಗುತ್ತದೆ. ಮುಂದೆ 1850ರ ದಶಕದಲ್ಲಿ ಪ್ಯಾರಿಸ್ಸಿನ ಕ್ಲೋದ್ ಬರ್ನಾರ್, ನರ ಮತ್ತು ಸ್ನಾಯು ಕೂಡುವ ಜಾಗದಲ್ಲೇ ಅದು ಕೆಲಸ ಮಾಡುತ್ತದೆ ಅಂತ ತೋರಿಸಿದ. ಜೊತೆಗೆ ಒಂದು ಭಯಂಕರ ವಿಷಯವನ್ನೂ ಗಮನಿಸಿದ. ಮೈ ಪೂರ್ತಿ ಕಲ್ಲಾದರೂ ಒಳಗಿನ ಅರಿವು ಹಾಗೇ ಉಳಿದಿರುತ್ತದೆ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಇಡೀ ಕಥೆಯ ಬೇರು ಇದೇ.

ಮಾಂಟ್ರಿಯಲ್, ಮತ್ತು ತನ್ನ ಮೇಲೇ ಪ್ರಯೋಗ ಮಾಡಿಕೊಂಡ ವೈದ್ಯ

1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅನ್ನುವ ವೈದ್ಯರು ಅಪೆಂಡಿಕ್ಸ್ ಆಪರೇಷನ್ನಿಗೆ ಬಂದ ಒಬ್ಬ ಯುವಕನಿಗೆ ಮೊದಲು ಅನಿಲ ಕೊಟ್ಟು ಮಲಗಿಸಿ, ಆಮೇಲೆ ಕ್ಯುರಾರೆ ಕೊಟ್ಟರು. ಹೊಟ್ಟೆಯ ಸ್ನಾಯುಗಳು ಬೆಣ್ಣೆಯ ಹಾಗೆ ಸಡಿಲವಾದವು. ಬಾಣದ ವಿಷ ಆಪರೇಷನ್ ಥಿಯೇಟರಿಗೆ ಬಂದದ್ದು ಹೀಗೆ.

ಆದರೆ ಕೆಲವರಿಗೆ ಒಂದು ಅನುಮಾನ: ಕ್ಯುರಾರೆಯೇ ನಿದ್ದೆಯನ್ನೂ ತರುತ್ತದೆಯೋ ಏನೋ? ಹಾಗಿದ್ದರೆ ಬೇರೆ ನಿದ್ದೆ ಔಷಧಿ ಯಾಕೆ? ಇದನ್ನು ಯಾರ ಮೇಲೆ ಪರೀಕ್ಷೆ ಮಾಡುವುದು? ಅಮೆರಿಕದ ಯೂಟಾದಲ್ಲಿದ್ದ ಸ್ಕಾಟ್ ಸ್ಮಿತ್ ಎಂಬ ಅನಸ್ತೇಷಿಯಾ ವೈದ್ಯ ತಾನೇ ಮಲಗಿದ. ಯಾವ ನಿದ್ದೆ ಔಷಧಿಯೂ ಇಲ್ಲದೆ, ಉಸಿರು ನಿಲ್ಲಿಸಲು ಬೇಕಾದ ಪ್ರಮಾಣದ ಎರಡೂವರೆ ಪಟ್ಟು ಕ್ಯುರಾರೆ ತೆಗೆದುಕೊಂಡ. ಜೊತೆಯವರು ಉಸಿರಾಡಿಸುತ್ತಿದ್ದರು. ರೆಪ್ಪೆ ಕೂಡ ಅಲುಗಲಿಲ್ಲ. ಆದರೆ ಪೂರ್ತಿ ಎಚ್ಚರ. ಸುತ್ತ ಏನು ಮಾತಾಡಿದರು, ಎಲ್ಲಿ ಮುಟ್ಟಿದರು ಅಂತ ಆಮೇಲೆ ಎಲ್ಲವನ್ನೂ ಹೇಳಿದ. ಈ ವರದಿ 1947ರಲ್ಲಿ ಅಚ್ಚಾಯಿತು.

ಮೊದಲು ನಿದ್ದೆ, ಆಮೇಲೆ ನಿಶ್ಚಲ ಅನ್ನುವ ನಿಯಮಕ್ಕೆ ನನ್ನ ಪ್ರಕಾರ ಸ್ಮಿತ್ ಮಲಗಿದ ಆ ಮೇಜೇ ಅಡಿಗಲ್ಲು.

ಹೊಟ್ಟೆ ಎಂಬ ಶತ್ರು

ಇನ್ನೊಂದು ಎಳೆ ಹೊಟ್ಟೆಯದ್ದು. ಆಪರೇಷನ್ನಿಗೆ ಮುಂಚೆ “ಏನೂ ತಿನ್ಬೇಡಿ, ನೀರೂ ಕುಡೀಬೇಡಿ” ಅಂತ ಆಸ್ಪತ್ರೆಯವರು ಕಾಟ ಕೊಡುತ್ತಾರಲ್ಲ, ಅದರ ಕಾರಣ ಇದು. ಮನುಷ್ಯ ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. 1848ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಹದಿನೈದು ವರ್ಷದ ಹ್ಯಾನಾ ಗ್ರೀನರ್ ಎಂಬ ಹುಡುಗಿ ಕಾಲಿನ ಉಗುರು ತೆಗೆಯುವ ಸಣ್ಣ ಆಪರೇಷನ್ನಿನಲ್ಲಿ ತೀರಿಕೊಂಡಳು. ಕ್ಲೋರೋಫಾರ್ಮ್‌ನಿಂದ ಆದ ಮೊದಲ ಸಾವು ಎಂದು ಇತಿಹಾಸದಲ್ಲಿ ದಾಖಲಾದದ್ದು ಇದೇ. ಕ್ಲೋರೋಫಾರ್ಮ್ ಬಳಕೆಗೆ ತಂದಿದ್ದ ಸಿಂಪ್ಸನ್ ಮಾತ್ರ ಒಪ್ಪಲಿಲ್ಲ. ಎಚ್ಚರಿಸಲು ಬಾಯಿಗೆ ಹಾಕಿದ ನೀರು, ಬ್ರಾಂದಿಯೇ ಉಸಿರು ಕಟ್ಟಿಸಿತು ಅಂತ ವಾದಿಸಿದ. ಆ ವಾದ ಇವತ್ತಿಗೂ ಮುಗಿದಿಲ್ಲ ಬಿಡಿ.

ಲೆಕ್ಕ ಹಾಕಿ ತೋರಿಸಿದವನು ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್. 1932ರಿಂದ 1945ರವರೆಗಿನ 44,016 ಗರ್ಭಿಣಿಯರ ದಾಖಲೆ ತೆಗೆದು ನೋಡಿದಾಗ 66 ಮಂದಿಗೆ ಅನಸ್ತೇಷಿಯಾದ ಹೊತ್ತಿನಲ್ಲಿ ಹೊಟ್ಟೆಯದ್ದು ಶ್ವಾಸಕೋಶಕ್ಕೆ ಹೋಗಿತ್ತು. ಗಟ್ಟಿ ಆಹಾರ ಉಸಿರು ಕಟ್ಟಿಸುತ್ತದೆ, ಜಠರದ ಆಮ್ಲ ಶ್ವಾಸಕೋಶವನ್ನು ಸುಡುತ್ತದೆ ಅಂತ 1946ರಲ್ಲಿ ಆತ ಬೇರ್ಪಡಿಸಿ ತೋರಿಸಿದ.

ಇದಕ್ಕೆ ಪರಿಹಾರ ಸುತ್ತಲೂ ಗಾಳಿಚೀಲ ಇರುವ ನಳಿಗೆ. ಅದನ್ನು ಉಬ್ಬಿಸಿದರೆ ಶ್ವಾಸನಾಳ ಬಿರಡೆ ಹಾಕಿದ ಬಾಟಲಿಯ ಹಾಗೆ. ಅಮೆರಿಕದ ಆರ್ಥರ್ ಗೆಡೆಲ್ 1920ರ ದಶಕದಲ್ಲಿ ಇದನ್ನು ಜನರಿಗೆ ನಂಬಿಸಲು ತನ್ನ ನಾಯಿಗೆ ನಳಿಗೆ ಹಾಕಿ, ಮಲಗಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದ! ಹೊರ ತೆಗೆದಾಗ ನಾಯಿ ಎಚ್ಚರವಾಗಿ ಮೈ ಕೊಡವಿ ಹೋಯಿತಂತೆ. ನಾಯಿಯ ಹೆಸರು ‘ಏರ್‌ವೇ’.

ಸರಿ, ನಳಿಗೆ ಸಿಕ್ಕಿತು. ಆದರೆ ನಿದ್ದೆ ಬಂದ ಕ್ಷಣದಿಂದ ಗಾಳಿಚೀಲ ಉಬ್ಬುವ ಕ್ಷಣದವರೆಗೆ? ಆ ನಡುವಿನ ಹೊತ್ತಿನಲ್ಲಿ ಗಂಟಲಿಗೆ ಯಾವ ಕಾವಲೂ ಇಲ್ಲ. ಕ್ಯುರಾರೆ ಕೆಲಸ ಮಾಡಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಬೇಗ ಹಿಡಿದು ಬೇಗ ಬಿಡುವ ಔಷಧಿ ಬೇಕಿತ್ತು.

ನಲವತ್ಮೂರು ವರ್ಷ ಅಡಗಿದ್ದ ಸ್ಕೋಲಿನ್

ತಮಾಷೆ ಅಂದರೆ ಆ ಔಷಧಿ ಆಗಲೇ ಇತ್ತು. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ಸ್ಕೋಲಿನ್ ಅಂತ ಕರೆಯುವ ಸಕ್ಸಿನೈಲ್‌ಕೋಲಿನ್. 1906ರಲ್ಲಿ ಹಂಟ್ ಮತ್ತು ಟ್ಯಾವೋ ಎಂಬಿಬ್ಬರು ಅದನ್ನು ಪ್ರಾಣಿಗಳಿಗೆ ಕೊಟ್ಟು ರಕ್ತದೊತ್ತಡ ಅಳೆದಿದ್ದರು. ಸ್ನಾಯುಗಳನ್ನು ಸ್ತಬ್ಧ ಮಾಡುವ ಅದರ ಗುಣ ಮಾತ್ರ ಕಣ್ಣಿಗೆ ಬೀಳಲೇ ಇಲ್ಲ. ಯಾಕೆ ಗೊತ್ತೇ? ಪ್ರಾಣಿಗಳು ಅಲುಗಾಡಬಾರದು ಅಂತ ಮೊದಲೇ ಕ್ಯುರಾರೆ ಕೊಟ್ಟಿದ್ದರು! ಆಗಲೇ ಸ್ತಬ್ಧವಾದದ್ದನ್ನು ಮತ್ತೆ ಸ್ತಬ್ಧ ಮಾಡಿದರೆ ಗೊತ್ತಾಗುವುದು ಹೇಗೆ? ಔಷಧಿ ಕೊಟ್ಟ ಸಾಲೇ ಸತ್ಯವನ್ನು ಮುಚ್ಚಿಟ್ಟಿತು, ಅದೂ ಪೂರ್ತಿ 43 ವರ್ಷ. 1949ರಲ್ಲಿ ದಾನಿಯೆಲ್ ಬೊವೆ ಅದನ್ನು ಹೊರಗೆ ತಂದ. 1951ರ ಹೊತ್ತಿಗೆ ಯುರೋಪಿನ ಆಸ್ಪತ್ರೆಗಳಲ್ಲಿ ಬಳಕೆಗೆ ಬಂತು.

ಸ್ಕೋಲಿನ್ ಒಂದು ನಿಮಿಷದೊಳಗೆ ಹಿಡಿಯುತ್ತದೆ, ಐದರಿಂದ ಹತ್ತು ನಿಮಿಷದಲ್ಲಿ ಬಿಡುತ್ತದೆ. ರಕ್ತದಲ್ಲಿರುವ ಕೋಲಿನೆಸ್ಟರೇಸ್ ಅನ್ನುವ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಈ ಕಿಣ್ವವನ್ನೂ ನೆನಪಿಟ್ಟುಕೊಳ್ಳಿ, ನಮ್ಮ ತೋಟಕ್ಕೆ ಬರುವಾಗ ಬೇಕಾಗುತ್ತದೆ.

1961ರಲ್ಲಿ ಲಂಡನ್ನಿನ ಬ್ರಯನ್ ಸೆಲಿಕ್, ಗಂಟಲಗಂಟಿನ ಕೆಳಗಿನ ಉಂಗುರದಂಥ ಮೃದ್ವಸ್ಥಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಅನ್ನನಾಳ ಮುಚ್ಚುತ್ತದೆ ಅಂದ. 1970ರಲ್ಲಿ ಪಿಟ್ಸ್‌ಬರ್ಗಿನ ಸ್ಟೆಪ್ಟ್ ಮತ್ತು ಸೇಫರ್ ಇದೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ ಹದಿನೈದು ಹೆಜ್ಜೆಗಳ ಪಟ್ಟಿ ಬರೆದರು. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಜಗತ್ತಿಗೆ ಕಲಿಸಿದ ಪೀಟರ್ ಸೇಫರ್ ಇವರೇ. ತಿರುಳು ಇಷ್ಟು: ಮೊದಲು ಆಮ್ಲಜನಕ ತುಂಬಿಸು. ಆಮೇಲೆ ನಿದ್ದೆಗೆ ಪೆಂಟೊಥಾಲ್. ಗಂಟಲು ಒತ್ತಿ ಹಿಡಿ. ಕೂಡಲೇ ಸ್ಕೋಲಿನ್. ನಡುವೆ ಗಾಳಿ ಊದಬೇಡ, ಹೊಟ್ಟೆ ಉಬ್ಬೀತು. ನಳಿಗೆ ಹಾಕು, ಗಾಳಿಚೀಲ ಉಬ್ಬಿಸು, ಆಮೇಲಷ್ಟೇ ಗಂಟಲಿನ ಕೈ ಬಿಡು.

ಮೊದಲ ಹೆಜ್ಜೆ ಆಮ್ಲಜನಕ ಅನ್ನುವುದನ್ನು ಗಮನಿಸಿ. ಆರೋಗ್ಯವಂತ ಮನುಷ್ಯನ ಶ್ವಾಸಕೋಶದಲ್ಲಿ ಬರೀ ಗಾಳಿ ಇದ್ದರೆ ಉಸಿರು ನಿಂತ ಒಂದೆರಡು ನಿಮಿಷದಲ್ಲೇ ರಕ್ತದ ಆಮ್ಲಜನಕ ಕುಸಿಯುತ್ತದೆ. ಮೂರು ನಿಮಿಷ ಶುದ್ಧ ಆಮ್ಲಜನಕ ಉಸಿರಾಡಿಸಿದ್ದರೆ ಎಂಟು ನಿಮಿಷದವರೆಗೂ ತಡೆಯಬಲ್ಲ. ಮಳೆಗಾಲಕ್ಕೆ ಮುಂಚೆ ಸೌದೆ ಕೂಡಿಟ್ಟುಕೊಳ್ಳುವ ಹಾಗೆ.

ಇನ್ನು ನಮ್ಮ ತೋಟಕ್ಕೆ ಬರೋಣ

ಈ ಪಟ್ಟಿ ಬರೆದದ್ದು ಪಿಟ್ಸ್‌ಬರ್ಗಿನಲ್ಲಿ. ನಮ್ಮ ಕಾಫಿ ಗುಡ್ಡಗಳಿಗೆ ಬರುವ ಹೊತ್ತಿಗೆ ಅದರ ನಡುವಿನ ಒಂದು ಕೊಂಡಿ ಸಡಿಲವಾಗುತ್ತದೆ.

ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ 1936ರಲ್ಲಿ ಹುಳ ಕೊಲ್ಲುವ ರಾಸಾಯನಿಕ ಹುಡುಕುತ್ತಾ ಹೋಗಿ ಟಾಬುನ್ ಎಂಬ ಯುದ್ಧದ ವಿಷಾನಿಲಕ್ಕೆ ತಲುಪಿದ. ಅದೇ ಕುಟುಂಬದ ಸೌಮ್ಯ ತಮ್ಮಂದಿರು ನಮ್ಮ ಅಂಗಡಿಗಳಲ್ಲಿ ಸಿಗುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು. ಸೌಮ್ಯ ಅಂದೆ, ಆದರೆ 1958ರಲ್ಲಿ ಕೇರಳದಲ್ಲಿ ಸಾಗಣೆಯ ವೇಳೆ ಪ್ಯಾರಾಥಿಯಾನ್ ಸೋಕಿದ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. 1968ರ ಕೀಟನಾಶಕ ಕಾಯ್ದೆಯ ಹಿಂದೆ ಇದ್ದದ್ದು ಆ ದುರಂತ.

ಈ ವಿಷಗಳು ಮಾಡುವುದು ಒಂದೇ ಕೆಲಸ, ಕೋಲಿನೆಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುವುದು. ನರಗಳ ಸಂದೇಶ ನಿಲ್ಲುವುದೇ ಇಲ್ಲ. ಬಾಯಲ್ಲಿ ನೊರೆ, ಎದೆಯಲ್ಲಿ ಕಫ, ಕಣ್ಣಪಾಪೆ ಸೂಜಿಮೊನೆಯಷ್ಟು, ಕೊನೆಗೆ ಸ್ನಾಯುಗಳು ಸೋತು ಉಸಿರು ನಿಲ್ಲುತ್ತದೆ. ಈಗ ಆ ರೋಗಿಗೆ ಪಟ್ಟಿಯ ಪ್ರಕಾರ ಸ್ಕೋಲಿನ್ ಕೊಟ್ಟರೆ? ಅದನ್ನು ಕತ್ತರಿಸಬೇಕಾದ ಕಿಣ್ವವೂ ಕಟ್ಟಿಬಿದ್ದಿದೆ. ಹತ್ತು ನಿಮಿಷದಲ್ಲಿ ಇಳಿಯಬೇಕಾದದ್ದು ತಾಸುಗಟ್ಟಲೆ ಇಳಿಯುವುದಿಲ್ಲ.

ಹಾಗಾಗಿ ನಮ್ಮ ಕಡೆ ಸಾಲು ಬೇರೆ. ಬಟ್ಟೆ ಕಳಚಿ ಮೈ ತೊಳೆಯುವುದು, ಆಮ್ಲಜನಕ, ಕಫ ಹೀರಿ ತೆಗೆಯುವುದು, ಅಟ್ರೊಪಿನ್ ಶುರು ಮಾಡುವುದು, ಇವೆಲ್ಲ ಒಟ್ಟೊಟ್ಟಿಗೆ. ನಳಿಗೆ ಹಾಕುವ ಗಳಿಗೆ ಬಂದರೆ ನಿದ್ದೆ ಔಷಧಿ, ಆಮೇಲೆ ಸ್ಕೋಲಿನ್ ಬದಲಿಗೆ ರೊಕ್ಯುರೋನಿಯಂ. ಇದು 1990ರ ದಶಕದಲ್ಲಿ ಬಂದ ಔಷಧಿ. ಪ್ರಮಾಣ ಹೆಚ್ಚಿಸಿ ಕೊಟ್ಟರೆ ಸ್ಕೋಲಿನ್ನಿನಷ್ಟೇ ಬೇಗ ಹಿಡಿಯುತ್ತದೆ, ಆ ಕಿಣ್ವದ ಹಂಗೂ ಇಲ್ಲ.

ಕಿಣ್ವದ ಕಥೆಗೆ ನಮ್ಮ ದಕ್ಷಿಣದಲ್ಲಿ ಇನ್ನೊಂದು ಅಧ್ಯಾಯವಿದೆ. 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡಗೋಲು ಕಣದ ಗುಣ ಇರುವುದನ್ನು ಪ್ರಕಟಿಸಿದ ಹರ್ಮನ್ ಲೇಮನ್, ಸ್ಕೋಲಿನ್ ಕೊಟ್ಟ ಮೇಲೆ ಕೆಲವರಿಗೆ ಉಸಿರು ಬೇಗ ಮರಳದಿರುವುದು ವಂಶದಲ್ಲಿ ಹರಿದು ಬರುತ್ತದೆ ಅಂತ 1956ರಲ್ಲಿ ಬರೆದ. ಅಂಥವರಿಗೆ ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ. ಐವತ್ತು ವರ್ಷದ ನಂತರ, 2006ರಲ್ಲಿ, ಕೊಯಮತ್ತೂರು ಮತ್ತು ಅಮೆರಿಕದ ಸಂಶೋಧಕರು ನಮ್ಮ ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕಿಣ್ವವನ್ನು ಕೆಡಿಸುವ ಒಂದು ಜೀನ್ ಬದಲಾವಣೆಯನ್ನು ಗುರುತಿಸಿದರು. ಅದೇನೂ ಕಾಯಿಲೆಯಲ್ಲ. ಸ್ಕೋಲಿನ್ ಮೈಗೆ ಬೀಳುವವರೆಗೆ ಹಾಗೊಂದು ಗುಣ ಇರುವುದೇ ತಿಳಿಯುವುದಿಲ್ಲ. ನಮ್ಮ ಊರುಗಳಲ್ಲಿ ಅನಸ್ತೇಷಿಯಾ ವೈದ್ಯರು ಆಪರೇಷನ್ನಿಗೆ ಮುಂಚೆ “ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಉಸಿರು ಬರುವುದು ತಡವಾಗಿತ್ತಾ?” ಅಂತ ಕೇಳಿದರೆ, ಕೆಲವೊಮ್ಮೆ ಜಾತಿಯನ್ನೂ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕೇಳುತ್ತಿರುವುದು ಕಿಣ್ವದ ವಿಚಾರ.

ಅವನಿಗೆ ಕೇಳಿಸುತ್ತಿತ್ತಾ?

ಇಲ್ಲಿ ನನ್ನದೊಂದು ಅನುಭವ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ತೋಟದಲ್ಲಿ ಗೊಬ್ಬರ ಹಾಕುವಾಗ ನಾಗರಹಾವು ಕಚ್ಚಿದ ಒಬ್ಬ ಹುಡುಗನನ್ನು ನಮ್ಮಲ್ಲಿಗೆ ತಂದಿದ್ದರು. ರೆಪ್ಪೆ ಎತ್ತಲಾಗುತ್ತಿಲ್ಲ, ಕುತ್ತಿಗೆ ನಿಲ್ಲುತ್ತಿಲ್ಲ, ಉಸಿರು ಮೇಲೆ ಮೇಲೆ. ನಾಗರಹಾವಿನ ವಿಷ ಮಾಡುವುದೂ ಹೆಚ್ಚುಕಡಿಮೆ ಕ್ಯುರಾರೆಯ ಕೆಲಸವನ್ನೇ. ಅಂದರೆ ನಮ್ಮ ಸಾಲಿನ ಎರಡನೇ ಔಷಧಿಯನ್ನು ಹಾವು ಮೊದಲೇ ಕೊಟ್ಟು ಕಳಿಸಿತ್ತು. ನೋಡಿದವರು “ಪ್ರಜ್ಞೆ ಇಲ್ಲ” ಅಂದುಬಿಡುತ್ತಾರೆ. ಪ್ರಜ್ಞೆ ಪೂರ್ತಿ ಇರುತ್ತದೆ.

ನಿದ್ದೆ ಔಷಧಿ ಕೊಟ್ಟು, ನಳಿಗೆ ಹಾಕಿ, ವಿಷಕ್ಕೆ ಪ್ರತಿವಿಷ ಹಾಕಿ, ಎರಡು ದಿನ ಯಂತ್ರದಲ್ಲಿಟ್ಟ ಮೇಲೆ ಹುಡುಗ ಎದ್ದ. ಅವನ ಅಣ್ಣ ಹೊರಗೆ ನನ್ನನ್ನು ಹಿಡಿದು ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ. “ಡಾಕ್ಟ್ರೇ, ಜೀಪಲ್ಲಿ ಬರೋವಾಗ ನಾವೆಲ್ಲ ಇವ್ನು ಹೋದ ಅಂತ ಅತ್ತುಬಿಟ್ವಿ. ಅದೆಲ್ಲ ಅವ್ನಿಗೆ ಕೇಳಿಸ್ತಿತ್ತಾ?”

ಕೇಳಿಸುತ್ತಿತ್ತು. ಹುಡುಗ ಆಮೇಲೆ ತಾನೇ ಹೇಳಿದ. ಯಾವ ತಿರುವಿನಲ್ಲಿ ಯಾರು ಏನು ಅಂದರು ಅಂತ ಸಾಲಾಗಿ ಹೇಳಿದ. ಗಂಟಲಿಗೆ ನಳಿಗೆ ಹಾಕಿದ್ದು ಮಾತ್ರ ಅವನಿಗೆ ನೆನಪಿರಲಿಲ್ಲ. ನನಗೆ ಅಷ್ಟು ಸಾಕಿತ್ತು. ಆ ಹೊತ್ತಿನಲ್ಲಿ “ಹೇಗೂ ಅಲುಗಾಡುತ್ತಿಲ್ಲ, ನಿದ್ದೆ ಔಷಧಿ ಯಾಕೆ?” ಅಂತ ಬಿಟ್ಟಿದ್ದರೆ ಸ್ಕಾಟ್ ಸ್ಮಿತ್ ಬೇಕೆಂದೇ ಅನುಭವಿಸಿದ್ದನ್ನು ಇವನು ಬೇಡದೆ ಅನುಭವಿಸುತ್ತಿದ್ದ, ಗಂಟಲಲ್ಲಿ ಕಬ್ಬಿಣದ ಜೊತೆಗೆ.

ಈಗ ಸಾಲು ಮತ್ತೆ ಅಲುಗಾಡುತ್ತಿದೆ

ಇತಿಹಾಸ ಅಂದರೆ ಮುಗಿದದ್ದು ಅಂದುಕೊಳ್ಳಬೇಡಿ. 2015ರಲ್ಲಿ ಸ್ಕಾಟ್ ವೈನ್‌ಗಾರ್ಟ್ ಮತ್ತು ಜೊತೆಗಾರರು, ಒದ್ದಾಡುತ್ತಾ ಆಮ್ಲಜನಕದ ಮಾಸ್ಕ್ ಕಿತ್ತೆಸೆಯುವ ರೋಗಿಗಳಿಗೆ ಮೊದಲೇ ಕೆಟಮಿನ್ ಕೊಟ್ಟು ಶಾಂತ ಮಾಡಿ, ಆಮೇಲೆ ಆಮ್ಲಜನಕ ತುಂಬಿಸಿ, ಕೊನೆಗೆ ನಿಶ್ಚಲ ಮಾಡುವ ಸಾಲನ್ನು ತೋರಿಸಿದರು. ಕೆಟಮಿನ್ ಸಾಮಾನ್ಯವಾಗಿ ಉಸಿರನ್ನು ನಿಲ್ಲಿಸುವುದಿಲ್ಲವಾದ್ದರಿಂದ ಇದು ಸಾಧ್ಯ. 2019ರಲ್ಲಿ ಫ್ರಾನ್ಸಿನ 3472 ರೋಗಿಗಳ ಅಧ್ಯಯನ ಬಂತು; ಅರ್ಧ ಜನರಿಗೆ ಸೆಲಿಕ್ಕನ ಒತ್ತು, ಉಳಿದರ್ಧಕ್ಕೆ ಒತ್ತಿದ ನಾಟಕ. ಹೊಟ್ಟೆಯದ್ದು ಶ್ವಾಸಕೋಶಕ್ಕೆ ಹೋದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅದೇ 2019ರಲ್ಲಿ ಅಮೆರಿಕದ ಬ್ರಯನ್ ಡ್ರೈವರ್ ಮತ್ತು ಸಂಗಡಿಗರು ನಮ್ಮ ಮೂಲ ಪ್ರಶ್ನೆಯನ್ನೇ ಎತ್ತಿಕೊಂಡರು. 562 ರೋಗಿಗಳಲ್ಲಿ 153 ಜನರಿಗೆ ನಿದ್ದೆ ಔಷಧಿ ಮೊದಲು, 409 ಜನರಿಗೆ ನಿಶ್ಚಲ ಮಾಡುವ ಔಷಧಿ ಮೊದಲು ಕೊಟ್ಟಿದ್ದರು. ಹೌದು, ತಿರುಗಾ ಮುರುಗಾ! ನಿದ್ದೆ ಬೇಗ ಬರುತ್ತದೆ, ನಿಶ್ಚಲತೆ ತುಸು ತಡ. ಆದ್ದರಿಂದ ತಡವಾದದ್ದನ್ನು ಮೊದಲು ಕೊಟ್ಟರೆ ಎರಡೂ ಒಟ್ಟಿಗೆ ತಲುಪುತ್ತವೆ ಅನ್ನುವುದು ಲೆಕ್ಕ. ಉಳಿದದ್ದು ಎಷ್ಟು? ಸುಮಾರು 6 ಸೆಕೆಂಡು.

ಆರು ಸೆಕೆಂಡು ಕಡಿಮೆಯಲ್ಲ, ಆಮ್ಲಜನಕ ಕುಸಿಯುತ್ತಿರುವವನಿಗೆ. ಆದರೆ ನಿಶ್ಚಲ ಮಾಡುವ ಔಷಧಿ ಒಳಗೆ ಹೋದ ಮೇಲೆ ಸೂಜಿ ಜಾರಿದರೆ? ಎರಡನೇ ಸಿರಿಂಜು ಕೈಜಾರಿ ಬಿದ್ದರೆ? ಬೆಳಕು ಚೆನ್ನಾಗಿರುವ, ನಾಲ್ಕು ಕೈ ಇರುವ ಕೋಣೆಯಲ್ಲಿ ಆ ಆರು ಸೆಕೆಂಡು ಗಳಿಸಬಹುದು. ಮಳೆಗಾಲದ ರಾತ್ರಿ, ಕರೆಂಟ್ ಹೋಗಿ ಬರುವ ಸಣ್ಣ ಆಸ್ಪತ್ರೆಯಲ್ಲಿ, ಒಬ್ಬ ವೈದ್ಯ ಒಬ್ಬ ಸಿಸ್ಟರ್ ಇರುವ ಕಡೆ ನಾನಂತೂ ಹಳೆಯ ಸಾಲನ್ನೇ ಹಿಡಿಯುತ್ತೇನೆ.

ಎಲ್ಲರೂ ಮರೆಯುವ ಇನ್ನೊಂದು ಹೆಜ್ಜೆಯಿದೆ. ನಿದ್ದೆ ಔಷಧಿ ಹತ್ತು ಹದಿನೈದು ನಿಮಿಷದಲ್ಲಿ ಇಳಿಯುತ್ತದೆ, ರೊಕ್ಯುರೋನಿಯಂ ತಾಸಿನ ಹತ್ತಿರ ನಿಲ್ಲುತ್ತದೆ. ನಡುವೆ? 2021ರ ಒಂದು ಅಮೆರಿಕನ್ ಅಧ್ಯಯನದಲ್ಲಿ ತುರ್ತು ವಿಭಾಗದಲ್ಲಿ ಯಂತ್ರದ ಉಸಿರಿಗೆ ಹಾಕಿದ್ದ 383 ಜನರನ್ನು ಕೇಳಿದಾಗ 10 ಜನ, ಕಲ್ಲಿನ ಹಾಗೆ ಬಿದ್ದಿದ್ದಾಗ ತಮಗೆ ಎಚ್ಚರವಿತ್ತು ಅಂದರು. ನಳಿಗೆ ಹಾಕಿ ಬೆವರು ಒರೆಸಿಕೊಂಡ ಕೂಡಲೇ ಮತ್ತೆ ನಿದ್ದೆ ಔಷಧಿ ಹಾಕಬೇಕು. ಸಾಲು ಶುರುವಾಗುವುದೂ ನಿದ್ದೆಯಿಂದ, ಮುಂದುವರಿಯುವುದೂ ನಿದ್ದೆಯಿಂದ.

ಘಟ್ಟದ ದಾರಿ

ಪುಸ್ತಕದ ಸಾಲು ಆಸ್ಪತ್ರೆಯ ಬಾಗಿಲಿನಿಂದ ಶುರುವಾಗುತ್ತದೆ. ನಮ್ಮದು ಅದಕ್ಕೂ ಮುಂಚೆ. ಕಳಸದಿಂದ ಕುದುರೆಮುಖದ ಮೇಲೆ ಕಾರ್ಕಳ, ಮಣಿಪಾಲ; ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಮಂಗಳೂರು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಕುಸಿದು ರಸ್ತೆಯೇ ಮುಚ್ಚಿದ್ದನ್ನು ಯಾರು ಮರೆತಾರು. 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ತರುವುದು ಕಡಿಮೆಯಾಯಿತು. 2009ರಲ್ಲಿ ತುರ್ತು ಚಿಕಿತ್ಸೆಯನ್ನೇ ಒಂದು ಪ್ರತ್ಯೇಕ ವೈದ್ಯಕೀಯ ವಿಭಾಗ ಅಂತ ದೇಶದಲ್ಲಿ ಒಪ್ಪಿದರು. ಚಿಕ್ಕಮಗಳೂರಿಗೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಆದರೂ ದಾರಿ ಉದ್ದ, ತಿರುವು ಬಹಳ.

ಆ ದಾರಿಯಲ್ಲಿ ಮನೆಯವರ ಕೈಯಲ್ಲೂ ಒಂದು ಸಾಲಿದೆ. ಔಷಧಿ ಮೈಮೇಲೆ ಬಿದ್ದಿದ್ದರೆ ಬಟ್ಟೆ ಕಳಚಿ ನೀರು ಸುರಿಯಿರಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಅದೇ ಶ್ವಾಸಕೋಶಕ್ಕೆ ಹೋಗುತ್ತದೆ. ಮಂಪರು ಇದ್ದರೆ ಎಡ ಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನ್ ಮಾಡಿ. ಡಬ್ಬಿಯನ್ನೋ, ಅದರ ಚೀಟಿಯನ್ನೋ ಜೊತೆಗೆ ತನ್ನಿ; ಯಾವ ಔಷಧಿ ಅನ್ನುವುದರ ಮೇಲೆ ನಮ್ಮ ಔಷಧಿ ನಿರ್ಧಾರವಾಗುತ್ತದೆ. ಬೇಕೆಂದೇ ಕುಡಿದವರಾದರೆ ಬೈಯಬೇಡಿ, ಉಳಿದು ಬಂದ ಮೇಲೂ ಬೈಯಬೇಡಿ. ಮನಸ್ಸು ಅಷ್ಟು ದೂರ ಹೋಗುವ ಮುಂಚೆ ಮಾತಾಡಲು 14416 ಅನ್ನುವ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು, ಇದು ಯಾವ ಪಟ್ಟಿಯಲ್ಲೂ ಇಲ್ಲ. ಅಲುಗಾಡದೆ ಮಲಗಿದವರ ಪಕ್ಕ ಕೂತಿದ್ದರೆ ಅವರಿಗೆ ಕೇಳಿಸುತ್ತಿದೆ ಅಂತಲೇ ತಿಳಿದು ಮಾತಾಡಿ. ಹೆಸರು ಹಿಡಿದು ಕರೆಯಿರಿ, “ಆಸ್ಪತ್ರೆ ಹತ್ತಿರ ಬಂತು” ಅನ್ನಿ. ಅದಕ್ಕೆ ಸಿರಿಂಜು ಬೇಡ, ಡಾಕ್ಟರೂ ಬೇಡ. ಏನಂತೀರಿ?